ಸರ್ವಜ್ಞನ ಬೆನ್ನು ಹತ್ತಿದ ಪಾದ್ರಿ

ನಮ್ಮ ಧಾರವಾಡ ಸೀಮೆಯಲ್ಲಿ ಹೆಸರಿಗೊಂದು ‘ಅಪ್ಪ’ನೋ ‘ಅವ್ವ’ನೋ ಕೂಡಿತೆಂದರೆ ಆ ಮನುಷ್ಯ ಊರಿನವನಾದ ಎಂದೇ ಲೆಕ್ಕ. ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ದಾನಿಯೇಲ ಎಂಬ ಪ್ರವಾದಿ ಬರುತ್ತಾನೆ. ಸಿಂಹಗಳ ಗವಿಯಲ್ಲಿ ಒಂದು ರಾತ್ರಿ ಕಳೆದು ಕೂದಲೂ ಕೊಂಕದೆ ಹೊರಬಂದವನು. ಬಾಬಿಲೋನಿನಿಂದ ಧಾರವಾಡಕ್ಕೆ ಬರುವಷ್ಟರಲ್ಲಿ ಅವನು ದಾನಿಯೇಲಪ್ಪ ಆಗಿದ್ದ. ಅಂಥ ಒಬ್ಬ ದಾನಿಯೇಲಪ್ಪ ಮತ್ತು ಸುಭಕ್ತವ್ವ ದಂಪತಿಗೆ 1881ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಗಂಡುಮಗು ಹುಟ್ಟಿತು. ಚನ್ನಪ್ಪ ಎಂದು ಹೆಸರಿಟ್ಟರು. ಮನೆತನದ ಮೂಲ ಹೂವಿನಹಡಗಲಿ ಕಡೆಯ ಉತ್ತಂಗಿ. ಆ ಹುಡುಗ ದೊಡ್ಡವನಾಗಿ ಮಂಗಳೂರಿಗೆ ಹೋಗಿ, ಬಾಸೆಲ್ ಮಿಶನ್ನಿನ ದೇವಜ್ಞಾನ ಶಾಲೆಯಲ್ಲಿ ಓದಿ, ಪಾದ್ರಿಯಾಗಿ ಮರಳಿ ಬಂದ. ರೆವರೆಂಡ್ ಉತ್ತಂಗಿ ಚನ್ನಪ್ಪ. ಕನ್ನಡ ನಾಡು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆಯಿತು.

ತಿರುಕ ಎಂದರೆ ಭಿಕ್ಷೆ ಬೇಡುವವನು. ಪಾದ್ರಿಗೆ ಆ ಬಿರುದು ಯಾಕೆ ಬಂತು? ಬೇಡಿದ್ದು ಕಾಳು–ಕಡಿಯನ್ನಲ್ಲ, ಸರ್ವಜ್ಞನ ತ್ರಿಪದಿಗಳನ್ನು.

ಈ ಕೆಲಸ ಎಂಥದ್ದು ಎಂದು ಒಂದು ಕ್ಷಣ ಯೋಚಿಸಿ. ಸರ್ವಜ್ಞ ಬದುಕಿದ್ದು ಹದಿನಾರು–ಹದಿನೇಳನೆಯ ಶತಮಾನದ ಆಸುಪಾಸಿನಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಹಿರೇಕೆರೂರು–ಮಾಸೂರಿನ ಸೀಮೆಯಲ್ಲಿ. (1997ರ ತನಕ ಹಾವೇರಿ, ಗದಗ ಎಲ್ಲವೂ ಧಾರವಾಡ ಜಿಲ್ಲೆಯೇ.) ಆತ ಹೇಳಿದ್ದು ಜನರ ಬಾಯಲ್ಲಿ ಉಳಿಯಿತು. ಬಾಯಿಂದ ಬಾಯಿಗೆ ಹೋಗುತ್ತ ಒಂದು ಊರಿನಲ್ಲಿ ಎರಡನೆಯ ಸಾಲು ಬೇರೆಯಾಯಿತು, ಇನ್ನೊಂದೂರಿನಲ್ಲಿ ಮೂರನೆಯದು ಬಿದ್ದೇ ಹೋಯಿತು. ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತ ಒಂದಿದ್ದರೆ ಸಾಕು, ಯಾರ ಮಾತೂ ಸರ್ವಜ್ಞನ ಮಾತೇ. ಬಡ್ಡಿ ವ್ಯಾಪಾರದ ಮೇಲೆ ಸಿಟ್ಟಿದ್ದವನೊಬ್ಬ ತಾನೇ ಮೂರು ಸಾಲು ಕಟ್ಟಿ ಅಂಕಿತ ಹಚ್ಚಿ ಬಿಟ್ಟರೂ ಕೇಳುವವರಿರಲಿಲ್ಲ. ಒಬ್ಬ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು ಹತ್ತು ಹೇಳಿದರೆ ಅದರಲ್ಲಿ ನಾಲ್ಕು ಹಳೆಯವು, ಮೂರು ಕಲಬೆರಕೆ, ಉಳಿದವು ಆಕೆಯ ಅತ್ತೆಯ ಸ್ವಂತದ್ದು. ಹೀಗಿರುವಾಗ ಓಲೆಗರಿ, ಕೈಬರಹದ ಪುಸ್ತಕ, ಜನರ ನೆನಪು ಮೂರನ್ನೂ ಕೂಡಿಸಿ, ತೂರಿ, ಕೇರಿ, ಸುಮಾರು ಎರಡು ಸಾವಿರ ವಚನಗಳನ್ನು ವಿಂಗಡಿಸಿ ಅಚ್ಚಿಗೆ ಹಾಕಬೇಕು. ಉತ್ತಂಗಿಯವರು ವರ್ಷಗಟ್ಟಲೆ ಊರೂರು ತಿರುಗಿ ಅದನ್ನು ಮಾಡಿದರು. ಪುಸ್ತಕ ಹೊರಬಂದದ್ದು 1924ರಲ್ಲಿ.

ತೆಲುಗಿನ ವೇಮನನಿಗೆ ಸಿ.ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ಸಿಕ್ಕಿದ್ದ. ಆತನ ವೇಮನ ಪದ್ಯಗಳ ಸಂಗ್ರಹ 1829ರಲ್ಲೇ ಬಂದಿತ್ತು. ಅಧಿಕಾರಿಗೆ ಪಂಡಿತರು ಇರುತ್ತಾರೆ, ಗುಮಾಸ್ತರು ಇರುತ್ತಾರೆ. ನಮ್ಮ ಸರ್ವಜ್ಞನಿಗೆ ಸಿಕ್ಕಿದ್ದು ಬಾಸೆಲ್ ಮಿಶನ್ನಿನ ಒಬ್ಬ ಪಾದ್ರಿ. ರವಿವಾರದ ಆರಾಧನೆ, ಸಭೆಯವರ ಮದುವೆ–ಮಣ್ಣು, ಗಂಡ ಹೆಂಡಿರ ಜಗಳ, ಬಡ ಹುಡುಗನ ಶಾಲೆ ಫೀಸು ಇವೆಲ್ಲ ಮುಗಿಸಿ ಉಳಿದ ವೇಳೆಯಲ್ಲಿ ಮಾಡಿದ ಕೆಲಸ ಇದು. ‘ಪಾದ್ರಿ ಅಯ್ಯಗ ಸರ್ವಜ್ಞನ ಗೊಡವಿ ಯಾಕರೀ?’ ಎಂದು ಕೇಳಿದವರು ಚರ್ಚಿನ ಒಳಗೂ ಹೊರಗೂ ಇದ್ದಿರಲೇಬೇಕು.

ಕ್ರೈಸ್ತರ ಸೇವೆ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಕಟ್ಟಡಗಳು. ಹೆಂಚಿನ ಮಾಡಿನ ಶಾಲೆ, ಉದ್ದ ಜಗಲಿಯ ದವಾಖಾನಿ, ಹಾಸ್ಟೆಲ್ಲು, ಅನಾಥಾಲಯ. ಅವುಗಳ ಲೆಕ್ಕ ಕೊಡುವ ಲೇಖನ ಬರೆಯುವುದು ಸುಲಭ, ಓದುವುದು ಬೇಸರ. ನನಗೆ ಕಾಡುವ ಪ್ರಶ್ನೆ ಬೇರೆ. ಒಬ್ಬ ಮನುಷ್ಯ ತನ್ನ ನಂಬಿಕೆಯನ್ನು ನೆರೆಯವರ ನಡುವೆ ಬದುಕಿ ತೋರಿಸಬೇಕೆಂದು ಹೊರಟಾಗ ಮೊದಲು ಏನು ಮಾಡುತ್ತಾನೆ: ಕೊಡಲು ಕೈ ಚಾಚುತ್ತಾನೋ, ಕೇಳಿಸಿಕೊಳ್ಳಲು ಕೂಡುತ್ತಾನೋ? ಹುಬ್ಬಳ್ಳಿ–ಧಾರವಾಡದ ಸುಮಾರು ಎರಡು ಶತಮಾನದ ಚರಿತ್ರೆಯಲ್ಲಿ ಎರಡೂ ಬಗೆಯವರು ಸಿಗುತ್ತಾರೆ. ನನ್ನ ಒಲವು ಎರಡನೆಯವರ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ.

ಬಾಸೆಲ್ ಮಿಶನ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, 1815ರಲ್ಲಿ. ಬಂದವರಲ್ಲಿ ಬಹುತೇಕರು ದಕ್ಷಿಣ ಜರ್ಮನಿಯ ಹಳ್ಳಿಗರು, ಕೈಕಸಬಿನ ಮನೆಗಳ ಮಕ್ಕಳು. 1834ರಲ್ಲಿ ಮೂವರು ಮಂಗಳೂರಿಗೆ ಇಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. ಘಟ್ಟ ಹತ್ತಿ ಬಂದವರಿಗೆ ಇಲ್ಲಿನ ಎರೆಮಣ್ಣು, ಜೋಳ, ಹತ್ತಿ, ಮಠಗಳು, ಪುರಾಣ–ಪ್ರವಚನ ಎಲ್ಲವೂ ಹೊಸದು. ಮೊದಮೊದಲು ಅವರಿಗೆ ಆತುರವಿತ್ತು. ಗದಗ ಹತ್ತಿರದ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಒಂದು ಒಕ್ಕಲುತನದ ವಸಾಹತು ಮಾಡಿದರು. ಹೊಸ ನಂಬಿಕೆಗೆ ಬಂದವರು ಜಾತಿಯಿಂದ ಹೊರಬಿದ್ದರೆ ಉಣ್ಣುವುದು ಹೇಗೆ? ಆದ್ದರಿಂದ ಹೊಲ ಕೊಟ್ಟರೆ ಆಯಿತು ಎಂಬ ಎಣಿಕೆ. ಎಣಿಕೆ ಕೆಟ್ಟದ್ದಲ್ಲ. ಆದರೆ ಹೊಲ ಕೊಟ್ಟ ಮಾತ್ರಕ್ಕೆ ಊರು ಆಗುವುದಿಲ್ಲ. ಆ ವಸಾಹತು ಕೈಗೂಡಲಿಲ್ಲ.

ಬರ ಬಂದಾಗ ಕಥೆ ಬೇರೆಯಾಯಿತು. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಈ ಸೀಮೆಯನ್ನು ಬಗಿದು ಹಾಕಿತು. ತಂದೆ ತಾಯಿ ಸತ್ತ ಮಕ್ಕಳಿಗೆ ಗಂಜಿ, ಸೂರು ಕೊಟ್ಟವರಲ್ಲಿ ಮಿಶನ್ನಿನವರೂ ಇದ್ದರು. ಆ ಮಕ್ಕಳಲ್ಲಿ ಹಲವರು ಕ್ರೈಸ್ತರಾಗಿ ಬೆಳೆದರು. ‘ಗಂಜಿ ಕುಡದ ಕ್ರಿಸ್ತರು’ ಎಂಬ ಕುಹಕ ಹುಟ್ಟಿದ್ದೂ ಇಂಥಲ್ಲೇ. ಆ ಕುಹಕ ನನಗೆ ಹಿಡಿಸುವುದಿಲ್ಲ: ಹಸಿದ ಕೂಸು ಗಂಜಿ ಕುಡಿದದ್ದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಆದರೆ ಕೊಡುವವನ ಕೈ ಮೇಲಿದ್ದಾಗ, ಬೇಡುವವನ ಕೈ ಕೆಳಗಿದ್ದಾಗ ನಂಬಿಕೆಯ ಮಾತು ಎಷ್ಟು ಸ್ವತಂತ್ರವಾಗಿರುತ್ತದೆ ಎಂಬ ಪ್ರಶ್ನೆಯನ್ನು ಕುಹಕಿಗಳ ಜತೆಗೇ ಕಸದ ಬುಟ್ಟಿಗೆ ಹಾಕಲೂ ಮನಸ್ಸು ಒಪ್ಪುವುದಿಲ್ಲ.

ಕೇಳಿಸಿಕೊಂಡವರಲ್ಲಿ ಮೊದಲು ಹೇಳಬೇಕಾದ ಹೆಸರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಕನ್ನಡ ಕಲಿತದ್ದು, ಹಳ್ಳಿಗಳನ್ನು ನಡೆದು ತುಳಿದದ್ದು ಧಾರವಾಡದ ಸುತ್ತ. ಕನ್ನಡಿಗರ ನಡುವೆ ಕನ್ನಡಿಗನಾಗಿ ಇರಬೇಕೆಂಬುದು ಅವನ ಹಂಬಲ. ಮಿಶನ್ನಿನ ಮೇಲಿನವರಿಗೆ ಅದು ಅಷ್ಟಾಗಿ ರುಚಿಸಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲೇ ಬರೆದು ‘ಕಥಾಮಾಲೆ’ ಎಂದು ಹೆಸರಿಟ್ಟ. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ ಇವನ ಸಂಪಾದನೆಯಲ್ಲಿ ಬಂದವು. 1894ರಲ್ಲಿ ಬಂದ ಇವನ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳು. ಈ ನಿಘಂಟನ್ನು ಬಲ್ಲವರಿಗೆ ಗೊತ್ತು: ಒಂದು ಪದದ ಅರ್ಥ ಹುಡುಕಲು ಹೋದರೆ ಅಲ್ಲೊಂದು ಗಾದೆ ಎದುರಾಗುತ್ತದೆ, ಗಾದೆ ಓದುತ್ತ ಕೂತರೆ ಮೂಲ ಪದ ಮರೆತುಹೋಗುತ್ತದೆ. ಬೈಬಲ್ ಸಾರಲು ಬಂದವನಿಗೆ ಒಕ್ಕಲಿಗರ ಗಾದೆ ಯಾಕೆ ಬೇಕಿತ್ತು? ನೆರೆಯವನ ಮಾತು ತಿಳಿಯದೆ ನೆರೆಯವನನ್ನು ಪ್ರೀತಿಸುವುದು ಹೇಗೆ ಎಂಬುದು ಅವನ ಲೆಕ್ಕವಾಗಿದ್ದಿರಬೇಕು. ಇಂದು ಧಾರವಾಡದಲ್ಲಿ ಅವನ ಹೆಸರಿನ ಕಾಲೇಜಿದೆ. ಅಲ್ಲಿ ಓದಿದವರೆಲ್ಲ ಆ ನಿಘಂಟನ್ನು ಒಮ್ಮೆಯಾದರೂ ಬಿಡಿಸಿ ನೋಡಿದ್ದಾರೆಯೇ ಎಂದು ಕೇಳುವುದು ಅಧಿಕಪ್ರಸಂಗ, ಬಿಡಿ.

ಅದೇ ಧಾರವಾಡದಲ್ಲಿ, ಕಿಟೆಲ್ ಕನ್ನಡ ಕಲಿಯುತ್ತಿದ್ದ ಕಾಲದಲ್ಲೇ, ಇನ್ನೊಂದು ಘಟನೆ ನಡೆಯಿತು. 1856ರ ಜೂನ್ ತಿಂಗಳು. ಮಹಾರ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗದೆ ಮುಂಬೈ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆ ಎಂದು ಸರ್ಕಾರ ಕೈಚೆಲ್ಲಿತು. ಕಾಗದ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೂ ಹೋಯಿತು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕು ಎಂಬ ತತ್ವ ಲಂಡನ್ನಿನಿಂದ ಬಂದದ್ದು ಆಮೇಲೆ. ಭಾರತದ ಶಿಕ್ಷಣ ಚರಿತ್ರೆ ಬರೆದವರು ಈ ಹುಡುಗನನ್ನು ಬಿಡುವುದಿಲ್ಲ. ಅಂಬೇಡ್ಕರರೂ ಈ ಪ್ರಕರಣವನ್ನು ಎತ್ತಿ ತೋರಿಸಿದ್ದರು. ಧಾರವಾಡದವರಾದ ನಾವು ಮಾತ್ರ ಅವನನ್ನು ಪೂರಾ ಮರೆತಿದ್ದೇವೆ. ಅಂಥ ಹುಡುಗರು ಹೊಸ್ತಿಲು ದಾಟಿ ಒಳಗೆ ಕೂಡಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಮಿಶನ್ ಶಾಲೆಯೂ ಒಂದು. ಅವರು ಒಳಗೆ ಬಂದ ದಿನ ಮೇಲ್ಜಾತಿಯ ಮಕ್ಕಳು ಪಾಟಿಚೀಲ ಎತ್ತಿಕೊಂಡು ಹೊರಟ ಪ್ರಸಂಗಗಳೂ ಮಿಶನ್ ಶಾಲೆಗಳ ಚರಿತ್ರೆಯಲ್ಲಿವೆ. ಬೆಂಚಿನ ಮೇಲೆ ಯಾರು ಯಾರ ಪಕ್ಕ ಕೂಡುತ್ತಾರೆ ಎಂಬ ಒಂದೇ ವಿಷಯದಲ್ಲಿ ಒಂದು ಶಾಲೆ ಹಟ ಹಿಡಿದರೆ ಅದು ನೂರು ಪ್ರವಚನಕ್ಕೆ ಸಮ ಎಂದು ನನಗನ್ನಿಸುತ್ತದೆ.

ಸೇವೆಯ ಹೆಸರಿನಲ್ಲಿ ನಡೆದದ್ದೆಲ್ಲ ಇಷ್ಟು ಹೊಳಪಿನದಲ್ಲ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂದರೆ ಆಟೋದವರೂ ತೋರಿಸುತ್ತಾರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದುಬಿಟ್ಟಿತ್ತು. ಅವರನ್ನು ಬೇಲಿಯೊಳಗೆ ಕೂಡಿಹಾಕಿ, ದಿನವೂ ಹಾಜರಿ ಕರೆದು, ಗಿರಣಿ–ಕಾರ್ಖಾನೆಯ ಕೆಲಸಕ್ಕೆ ಹಚ್ಚುವ ವಸತಿಗಳು ಮುಂಬೈ ಪ್ರಾಂತದಲ್ಲಿ ಎದ್ದವು. ಅವುಗಳಲ್ಲಿ ಕೆಲವನ್ನು ನಡೆಸುವ ಹೊಣೆಯನ್ನು ಸರ್ಕಾರ ಮಿಶನ್‌ಗಳಿಗೆ ಒಪ್ಪಿಸಿತ್ತು. ಅಕ್ಷರ ಕಲಿಸಿದರು, ಔಷಧಿ ಕೊಟ್ಟರು, ಕಸಬು ಕಲಿಸಿದರು, ಎಲ್ಲ ನಿಜ. ಬೇಲಿಯ ಕೀಲಿಕೈಯೂ ಅದೇ ಕೈಯಲ್ಲಿತ್ತು ಎಂಬುದೂ ನಿಜ. 1952ರಲ್ಲಿ ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಹೆಸರು ಮಾತ್ರ ಓಣಿಗೆ ಅಂಟಿಕೊಂಡೇ ಇದೆ.

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಧಾರವಾಡದ ಜರ್ಮನ್ ಪಾದ್ರಿಗಳು ರಾತ್ರೋರಾತ್ರಿ ಶತ್ರು ದೇಶದವರಾದರು. ಬ್ರಿಟಿಷರು ಅವರನ್ನು ಹಿಡಿದಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಮಂಗಳೂರು, ಮಲಬಾರ ಕಡೆಯ ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳೂ ಕೈಬಿಟ್ಟವು. ಸಭೆಗಳ ಭಾರ ಬಿದ್ದದ್ದು ಚನ್ನಪ್ಪನಂಥ ಊರ ಪಾದ್ರಿಗಳ ಹೆಗಲಿಗೆ. ಆಗ ಚನ್ನಪ್ಪನವರಿಗೆ ಮೂವತ್ತಮೂರು ವರ್ಷ. ಬಿಳಿಯರ ಹಣ, ಬಿಳಿಯರ ಬಂಗಲೆ, ಬಿಳಿಯರ ವರದಿ ಪುಸ್ತಕ ಯಾವುದೂ ಮುಂದೆ ಇಲ್ಲದಾಗ ಪಾದ್ರಿಯ ಕೈಯಲ್ಲಿ ಉಳಿಯುವುದೇನು? ಊರು, ಊರ ಜನ, ಅವರ ಮಾತು. ಸರ್ವಜ್ಞನ ಸಂಗ್ರಹ ಹದಗೊಂಡದ್ದು ಈ ವರ್ಷಗಳ ಹಿಂದೆ–ಮುಂದೆಯೇ ಎಂಬುದು ನನಗೆ ಕಾಕತಾಳೀಯವೆಂದು ತೋರುವುದಿಲ್ಲ.

ಹಾಗೆಂದು ಉತ್ತಂಗಿಯವರು ತಮ್ಮ ನಂಬಿಕೆಯನ್ನು ಅಡಗಿಸಿಟ್ಟವರಲ್ಲ. ಅವರದೊಂದು ಪುಸ್ತಕದ ಹೆಸರೇ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಕ್ರಿಸ್ತ ಹುಟ್ಟಿದ ಊರು ಕಾಶಿಗೆ ಮಾತಾಡುತ್ತಿದೆ. ‘ವಿನಂತಿ’ ಎಂಬ ಮಾತನ್ನು ಗಮನಿಸಿ. ಅದು ಉಪದೇಶವಲ್ಲ, ಸವಾಲೂ ಅಲ್ಲ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ, ಜಾತ್ರೆಯ ಕರಪತ್ರದಲ್ಲಿ ‘ನಮ್ರ ವಿನಂತಿ’ ಎಂದು ಹಾಕುತ್ತೇವೆ; ಬರುವುದು ಬಿಡುವುದು ಎದುರಿನವರಿಗೆ ಬಿಟ್ಟಿದ್ದು. ಒಂದು ಧರ್ಮ ಇನ್ನೊಂದರ ಬಾಗಿಲಲ್ಲಿ ನಿಂತು ಆಡಬಹುದಾದ ಇದಕ್ಕಿಂತ ಮರ್ಯಾದೆಯ ಮಾತು ನನಗೆ ಹೊಳೆಯುತ್ತಿಲ್ಲ.

ಬಸವಣ್ಣನ ವಿಷಯಕ್ಕೆ ಬಂದಾಗ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಲ್ಯಾಣದ ಅನುಭವ ಮಂಟಪ ಕೇವಲ ಕಲ್ಪನೆ, ಚರಿತ್ರೆಯಲ್ಲಿ ಅಂಥದ್ದೇನೂ ಇರಲಿಲ್ಲ ಎಂಬ ವಾದ ಎದ್ದಾಗ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟವರು ಈ ಪಾದ್ರಿ. ಶರಣರ ಪರವಾಗಿ ಕಚೇರಿಯಲ್ಲಿ ವಕಾಲತ್ತು ಹಿಡಿದು ನಿಂತದ್ದು ಶಿಲುಬೆಯ ಕೊರಳಿನವರು! ಅವರ ನಿಲುವನ್ನು ಇವತ್ತಿನ ಸಂಶೋಧಕರು ಒಪ್ಪಬಹುದು, ಬಿಡಬಹುದು. ನೆರೆಮನೆಯವರ ದೇವರಮನೆಯ ದೀಪ ಆರದ ಹಾಗೆ ಕೈ ಅಡ್ಡ ಹಿಡಿಯುವುದು ತನ್ನ ನಂಬಿಕೆಗೆ ಕುಂದು ಎಂದು ಅವರಿಗೆ ಅನ್ನಿಸಲಿಲ್ಲ, ಅಷ್ಟೇ. 1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಆ ನೆಲದಲ್ಲಿ ಕನ್ನಡದ ಪರಿಷೆಯ ನಡುಪೀಠದ ಮೇಲೆ ಧಾರವಾಡದ ಒಬ್ಬ ಕ್ರೈಸ್ತ ಪಾದ್ರಿ ಕುಳಿತದ್ದನ್ನು ಆಗ ಯಾರೂ ವಿಚಿತ್ರ ಎಂದುಕೊಂಡಂತೆ ಕಾಣುವುದಿಲ್ಲ. 1962ರಲ್ಲಿ ಅವರು ತೀರಿಕೊಂಡರು.

ಈಗಿನ ಮಾತಿಗೆ ಬರೋಣ. 1970ರಿಂದ ಈ ಭಾಗದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ ಉತ್ತರ ಕರ್ನಾಟಕ ಡಯಾಸಿಸ್ ಎಂಬ ಆಡಳಿತ ಇದೆ, ಕೇಂದ್ರ ಧಾರವಾಡ. ಗದಗ–ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಜನ ಇಂದಿಗೂ ಕರೆಯುವುದು ಜರ್ಮನ್ ದವಾಖಾನಿ ಎಂದೇ. ಜರ್ಮನ್ನರು ಹೋಗಿ ಎಷ್ಟೋ ಕಾಲವಾಯಿತು. ಮಿಶನ್ ದವಾಖಾನಿಗಳ ಜಗಲಿಯಲ್ಲಿ ರೊಟ್ಟಿ ಗಂಟು ಬಿಚ್ಚಿ ಕುಳಿತ ರೋಗಿಯ ಕಡೆಯವರಿಗೆ ನರ್ಸಮ್ಮನ ಧರ್ಮ ಯಾವುದೆಂಬ ಕಾಳಜಿ ಇರುವುದಿಲ್ಲ. ‘ಸಿಸ್ಟರ್, ಸಲೈನ್ ಮುಗೀತು ನೋಡ್ರಿ’ ಎಂಬುದಷ್ಟೇ ಅವರ ಕಾಳಜಿ.

ಹುಬ್ಬಳ್ಳಿಯ ಒಂದು ಸಭೆಯ ಸುಗ್ಗಿ ಹಬ್ಬಕ್ಕೆ ಗೆಳೆಯನೊಬ್ಬ ಕರೆದೊಯ್ದಿದ್ದ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮೇಜು ಹಾಕಿ, ಸಭೆಯವರು ತಂದೊಪ್ಪಿಸಿದ್ದನ್ನೆಲ್ಲ ಹರಡಿದ್ದರು. ಜೋಳದ ತೆನೆ, ಹಸಿ ಕಡಲೆಯ ಕಟ್ಟು, ಮುಳಗಾಯಿ, ಒಂದು ಜೀವಂತ ಹುಂಜ, ಯಾರೋ ಸುಟ್ಟು ತಂದ ಕೇಕು, ಇನ್ಯಾರೋ ಲಟ್ಟಿಸಿ ತಂದ ಹೋಳಿಗೆ. ಸವಾಲು ಕೂಗುವವರು ರೈಲ್ವೆಯಿಂದ ನಿವೃತ್ತರಾದ ಹಿರಿಯರು. ಗಂಟಲು ಇನ್ನೂ ಪ್ಲಾಟ್‌ಫಾರ್ಮಿನದೇ.

‘ಕುಂಬಳಕಾಯಿ ನೋಡ್ರಿ, ಹೊಲದಾಗಿಂದ ಮುಂಜಾನಿ ಹರಕೊಂಡು ಬಂದದ್ದು! ಎರಡ ನೂರು ಒಂದನೇ ಸಲ... ಯಾರಂತೀರಿ ಮುಂದ?’

‘ಮುನ್ನೂರು,’ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ.

‘ಅಜ್ಜಿಯವರು ಮುನ್ನೂರ ಅಂದ್ರು! ಇಷ್ಟ ದೊಡ್ಡ ಕಾಯಿ ಒಬ್ಬರ ತಿಂತೀರೇನ ಬೇ?’

ಎಲ್ಲರೂ ನಕ್ಕರು. ಅಜ್ಜಿಯೇ ಗೆದ್ದರು. ಸೆರಗಿನ ಗಂಟು ಬಿಚ್ಚಿ, ನೂರರ ಮೂರು ನೋಟು ಎಣಿಸಿ ಕೊಟ್ಟು, ಕುಂಬಳಕಾಯಿಯನ್ನು ಎರಡೂ ಕೈಯಿಂದ ಒಮ್ಮೆ ಸವರಿ, ಮತ್ತೆ ಮೇಜಿನ ಮೇಲೆ ಇಟ್ಟರು. ‘ತುಗೋರಿ, ಇನ್ನೊಮ್ಮೆ ಸವಾಲ್ ಮಾಡ್ರಿ.’ ಹಾಗೆ ಆ ಒಂದು ಕಾಯಿ ಮೂರು ಸಲ ಮಾರಾಟವಾಯಿತು. ಕೊನೆಗೆ ಕೊಂಡ ಹುಡುಗ ಅದನ್ನು ಗೇಟಿನ ಹೊರಗೆ ನಿಂತು ತಮಾಷೆ ನೋಡುತ್ತಿದ್ದ ಚಹಾದಂಗಡಿಯವರಿಗೆ ಕೊಟ್ಟು ಬಂದ. ದುಡ್ಡು ಬಡವರ ಫಂಡಿಗೆ, ಮಕ್ಕಳ ಫೀಸಿಗೆ. ಲೆಕ್ಕ ಬರೆಯುತ್ತಿದ್ದವರು ‘ಕುಂಬಳಕಾಯಿ’ ಎಂಬ ಪದದ ಮುಂದೆ ಮೂರು ಬೇರೆ ಬೇರೆ ಅಂಕಿ ಬರೆಯಬೇಕಾಗಿ ಬಂದು ತಲೆ ಕೆರೆದುಕೊಳ್ಳುತ್ತಿದ್ದರು.

ಇದನ್ನೆಲ್ಲ ಈಗ ಬರೆಯುವುದು ನಲವತ್ತು ವರ್ಷದ ಹಿಂದಿನಷ್ಟು ಸರಳವಾಗಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದ ಹೊತ್ತಿಗೆ ಪಾದ್ರಿ ಎಂಬ ಪದದ ಸುತ್ತ ಒಂದು ಗುಮಾನಿ ಬೆಳೆದಿತ್ತು. ಸೇವೆ ಮಾಡುವವರು ಬಂದರೆ ‘ಇವರ ಒಳ ಲೆಕ್ಕ ಏನ?’ ಎಂದು ಕೇಳುವುದು ಜಾಣತನ ಎನ್ನಿಸಿದೆ. ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಸೇವೆ ಮಾಡುವವರಿಗೂ ಇದೆ. ಗುಮಾನಿಗೆ ಎಡೆ ಕೊಟ್ಟ ಪ್ರಸಂಗಗಳು ಇಲ್ಲವೆನ್ನಲಾಗದು. ಆದರೆ ಕೇಳುವವರೂ ಒಂದು ಮಾತು ನೆನಪಿಡಬೇಕು. ಮನೆಯಲ್ಲಿ ಮಗ ಸಾಲ ಮಾಡಿದರೆ, ಅಳಿಯ ಹೇಳಿದ್ದು ಕೇಳದಿದ್ದರೆ, ಊಟಕ್ಕೆ ಕರೆದವರು ಬರಿಯ ಮಾತು ಬಡಿಸಿದರೆ ನಮ್ಮ ಬಾಯಿಗೆ ತಾನಾಗಿ ಬರುವುದು ಸರ್ವಜ್ಞ. ಅವನನ್ನು ಊರೂರು ತಿರುಗಿ ಕೂಡಿಸಿ ನಮ್ಮ ಕೈಗೆ ಇಟ್ಟವರು ಯಾರು ಎಂದು ನಾವು ಕೇಳಿದ್ದಿಲ್ಲ.

ನನ್ನ ಬಳಿ ಬಸ್ ನಿಲ್ದಾಣದಲ್ಲಿ ಕೊಂಡ ಸರ್ವಜ್ಞನ ವಚನಗಳ ಅಗ್ಗದ ಪ್ರತಿಯೊಂದಿದೆ. ಮುಖಪುಟದ ಮೇಲೆ ಕಂಬಳಿ ಹೊದ್ದ ಸರ್ವಜ್ಞ, ಹಿಂಬದಿಗೆ ಪಂಚಾಂಗದ ಜಾಹೀರಾತು. ಸಂಗ್ರಹಿಸಿದವರ ಹೆಸರು ಎಲ್ಲೂ ಇಲ್ಲ. ನಿಮ್ಮ ಮನೆಯಲ್ಲೂ ಒಂದು ಇರಬಹುದು. ಮೊದಲ ಪುಟ ತೆರೆದು ನೋಡಿ. ಹೆಸರು ಕಾಣದಿದ್ದರೆ ಪೆನ್ನು ತೆಗೆದುಕೊಂಡು ಮೇಲಿನ ಮೂಲೆಯಲ್ಲಿ ಇಷ್ಟು ಬರೆದಿಡಿ: ರೆವರೆಂಡ್ ಉತ್ತಂಗಿ ಚನ್ನಪ್ಪ, ಧಾರವಾಡ, 1924.